ಎರಡು ಕಾರ್ಡು, ಒಂದು ಹಿಡಿ ಅಕ್ಷತೆ

ಚಂದನಾ, ದೀಕ್ಷಾ, ಸ್ವಲ್ಪ ಹೊತ್ತು ಫೋನು ಕೆಳಗಿಟ್ಟು ಇದನ್ನು ಓದಿ. ಎದುರು ಕೂತು ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಕನ್ನಡಕದ ಡಬ್ಬಿ ಹುಡುಕುವಾಗ ನನ್ನ ಬಟ್ಟೆಚೀಲದ ಒಳಜೇಬಿನಲ್ಲಿ ನಾಲ್ಕು ಮಡಿಕೆಯ ಹಾಳೆಯೊಂದು ಸಿಕ್ಕಿತು. ಬಿಡಿಸಿದರೆ ನನ್ನದೇ ಅಕ್ಷರ. ನಡುವೆ ಒಂದು ಗೆರೆ. ಗೆರೆಯ ಈಚೆಗೆ ‘ಹೊಸದು: ನೆನಪು ಎಂಟು, ಫ್ಯಾನು ಎರಡು, ಕರೆಂಟು ನೂರ ಹದಿನೈದು, ಉದ್ದ ಒಂದು ಗೇಣು ಒಂದು ಬೆರಳು.’ ಆಚೆಗೆ ‘ಹಳೆಯದು: ನೆನಪು ಹನ್ನೆರಡು, ಫ್ಯಾನು ಮೂರು, ಕರೆಂಟು ನೂರ ಎಪ್ಪತ್ತು, ಉದ್ದ ಒಂದು ಗೇಣು ನಾಲ್ಕು ಬೆರಳು.’ ಬೇರೆ ಯಾರ ಕೈಗಾದರೂ ಸಿಕ್ಕಿದ್ದರೆ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ನನಗೆ ಮಾತ್ರ ಅದು ಏನೆಂದು ಕೂಡಲೇ ತಿಳಿಯಿತು. ಹಾಳೆಯನ್ನು ಮತ್ತೆ ಮಡಿಸಿದೆ, ಮತ್ತೆ ಬಿಡಿಸಿದೆ. ಹೋದ ವರ್ಷದ ದಸರೆಯಿಂದ ಒಂದು ಮಾತು ನನ್ನ ಹೊಟ್ಟೆಯಲ್ಲೇ ಕೂತಿದೆ. ಹೇಳಬೇಕೆಂದು ಚಂದನಾಳ ಕೋಣೆಯ ಬಾಗಿಲಿಗೆ ಹೋದಾಗಲೆಲ್ಲ ಬಾಯಿಂದ ಬಂದದ್ದು ‘ಚಾ ಮಾಡ್ಲಾ?’ ಎಂಬುದು. ಪಾಪ, ನನ್ನ ಹೆದರಿಕೆಯ ದೆಸೆಯಿಂದ ಆ ಹುಡುಗಿ ಒಂದು ವರ್ಷ ಎಷ್ಟು ಚಾ ಕುಡಿದಳೋ.

ದೀಕ್ಷಾ, ನೀನು ಆಗ ಶಿರಸಿಯ ಹಾಸ್ಟೆಲ್ಲಿನಲ್ಲಿದ್ದೆ. ಪರೀಕ್ಷೆ ಎಂದು ದಸರೆಗೂ ಬಂದಿರಲಿಲ್ಲ. ಆದ್ದರಿಂದ ನಿನಗೆ ಮೊದಲಿನಿಂದ ಹೇಳಬೇಕು. ಚಂದನಾ, ನಿನಗೆ ಗೊತ್ತಿರುವುದು ಎಷ್ಟು, ಗೊತ್ತಿಲ್ಲದ್ದು ಎಷ್ಟು ಎಂದು ಮೊನ್ನೆಯಿಂದ ನನಗೇ ಅನುಮಾನವಾಗಿದೆ. ಆದರೂ ಪೂರಾ ಓದು.

ನಿನ್ನ ಅಕ್ಕ ನಮ್ಮ ಸಿದ್ದಾಪುರದ ಮನೆಯ ಮುಂದಿನ ಕೋಣೆಯಲ್ಲಿ ಕೂತು ಮಾಡುವ ಕೆಲಸ ನನಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. ಮನೆ ಕಟ್ಟುವವರಿಗೆ, ಇನ್ನೂ ಪಾಯ ತೋಡದ ಮನೆಯೊಳಗೆ ತಿರುಗಾಡಿಸಿ ತೋರಿಸುವುದು. ಪರದೆಯ ಮೇಲೆ ಬಾಗಿಲು ತೆರೆಯುತ್ತದೆ, ಜಗುಲಿ ಕಾಣುತ್ತದೆ, ಕಿಟಕಿಯಿಂದ ಬಿಸಿಲು ಬಂದು ನೆಲದ ಮೇಲೆ ಬೀಳುತ್ತದೆ. ಒಮ್ಮೆ ಒಬ್ಬಾಕೆ ಬಂದು ಪರದೆಯಲ್ಲಿನ ಅಡುಗೆಮನೆ ನೋಡಿ, “ಒಲೆ ಹತ್ರ ಕಿಟಕಿ ಬೇಡ ತಂಗೀ, ಪಕ್ಕದ ಮನೆಯವಳು ನಾ ಎಂತ ಸಾರು ಮಾಡ್ದೆ ಅಂತ ದಿನಾ ನೋಡ್ತಾಳೆ” ಎಂದು, ಇಲ್ಲದ ಮನೆಯ ಕಿಟಕಿಯನ್ನು ಮುಚ್ಚಿಸಿ ಸಮಾಧಾನದಿಂದ ಹೋದಳು.

ಗ್ರಾಫಿಕ್ಸ್ ಕಾರ್ಡು ಎಂದರೆ ಏನು ಎಂದು ನಾನು ಒಮ್ಮೆ ಕೇಳಿದ್ದೆ. “ಕಂಪ್ಯೂಟರಿನ ತಲೆ ಬೇರೆ, ಚಿತ್ರ ಬರೆಯೋ ಕೈ ಬೇರೆ ಅಜ್ಜಿ. ಈ ಕಾರ್ಡು ಅದೆಯಲಾ, ಇದು ಕೈ” ಎಂದಿದ್ದಳು. ಹಾಗೆ ಹೇಳಿದ್ದರಿಂದ ನನಗೆ ಅದು ಮರೆಯಲಿಲ್ಲ.

ಹೋದ ವರ್ಷ ಯಲ್ಲಾಪುರದ ಒಬ್ಬರು ಒಂಬತ್ತು ಮನೆಗಳ ಬಡಾವಣೆ ಮಾಡಿಸುವವರಿದ್ದರು. ಒಂಬತ್ತೂ ಮನೆ, ನಡುವಿನ ದಾರಿ, ಮರ, ಬಾವಿ ಎಲ್ಲ ಒಟ್ಟಿಗೆ ಕಾಣಬೇಕು, ದೀಪಾವಳಿಯೊಳಗೆ ತೋರಿಸಬೇಕು ಎಂದು ಮಾತಾಗಿತ್ತು. ಆವರೆಗೆ ಒಂದೊಂದೇ ಮನೆ ಮಾಡುತ್ತಿದ್ದ ಚಂದನಾಳಿಗೆ ಅದು ಮೊದಲ ದೊಡ್ಡ ಕೆಲಸ. ಹೇಳಿದ ದಿನಕ್ಕೆ ಕೊಡದಿದ್ದರೆ ಹುಬ್ಬಳ್ಳಿಯವರಿಗೆ ಕೊಡುತ್ತೇವೆ ಎಂದು ಅವರು ಮೊದಲೇ ಹೇಳಿದ್ದರು. ಊಟಕ್ಕೆ ಕರೆದರೆ “ಎಂಟನೇ ಮನೆ ಮಾಡು ಹಾಕಿ ಬರ್ತೆ” ಎನ್ನುತ್ತಿದ್ದಳು. ನಾನು ತಟ್ಟೆ ಮುಚ್ಚಿಟ್ಟು, ಎಂಟನೇ ಮನೆಗೆ ಹೆಂಚು ಹೊದಿಸುವವರೆಗೆ ಕಾಯುತ್ತಿದ್ದೆ.

ಅಷ್ಟರಲ್ಲಿ ಆಯುಧ ಪೂಜೆ ಬಂತು.

ನಮ್ಮ ತವರುಮನೆ ನಿಲ್ಕುಂದದಲ್ಲಿ ಆಯುಧ ಪೂಜೆ ಎಂದರೆ ಕತ್ತಿ, ಗುದ್ದಲಿ, ಹಾರೆ, ನೇಗಿಲ ಗುಳ. ಎಲ್ಲವನ್ನೂ ತೊಳೆದು ಸಾಲಾಗಿ ಇಡುವುದು, ಕುಂಕುಮ ಹಚ್ಚುವುದು, ಹೂ ಇಡುವುದು, ಅಕ್ಷತೆ ಹಾಕುವುದು. ನಾನು ಚಿಕ್ಕವಳಿದ್ದಾಗ ನನ್ನ ಬಳಪದ ಹಲಗೆಯನ್ನೂ ಹಾರೆಯ ಪಕ್ಕದಲ್ಲಿ ಇಟ್ಟಿದ್ದೆ. ಅಮ್ಮ ಅದರ ಮೇಲೂ ನಾಲ್ಕು ಕಾಳು ಹಾಕಿದಳು. ಕತ್ತಿಯ ಮೇಲೆ ಎಷ್ಟು ಅಕ್ಷತೆ ಬಿದ್ದರೂ ಕತ್ತಿಗೆ ಏನೂ ಆಗುವುದಿಲ್ಲ. ಹಾರೆಯ ಮೇಲೆ ಒಂದು ಸೇರು ಸುರಿದರೂ ಅದಕ್ಕೆ ಗೊತ್ತಾಗುವುದಿಲ್ಲ. ನಾನು ಕಲಿತ ಪೂಜೆ ಅಂಥ ವಸ್ತುಗಳ ಪೂಜೆ. ತಪ್ಪಿನ ಬೇರು ಅಲ್ಲಿದೆ.

ನಿಮ್ಮ ಅಜ್ಜ ಹೋದ ಮೇಲೆ ನಾನು ಆ ದಿನ ಯಾವುದಕ್ಕೂ ಕುಂಕುಮ ಹಚ್ಚಿದವಳಲ್ಲ. ಯಾರೂ ಬೇಡ ಎಂದಿರಲಿಲ್ಲ. ನಾನೇ ಹೂ ಕಟ್ಟಿಕೊಟ್ಟು ಹಿಂದೆ ಸರಿಯುತ್ತಿದ್ದೆ, ನಿಮ್ಮ ಅಮ್ಮ ಸುಜಾತಾ ಮುಂದೆ ನಿಂತು ಮಾಡುತ್ತಿದ್ದಳು. ಹೋದ ವರ್ಷ ಸುಜಾತಾಳ ಅಮ್ಮನಿಗೆ ಹುಷಾರಿಲ್ಲ ಎಂದು ಅವಳು ಹೆಗ್ಗರಣೆಗೆ ಹೋಗಿದ್ದಳು. ನಿಮ್ಮ ಅಪ್ಪ ಬಸ್ಸಿನ ಡ್ಯೂಟಿ ಮೇಲಿದ್ದ. ಮನೆಯಲ್ಲಿ ನಾವಿಬ್ಬರೇ. ಚಂದನಾ ಹರಿವಾಣ ತಂದು ನನ್ನ ಕೈಗೆ ಕೊಟ್ಟಳು.

“ಪೂಜೆ ನೀನೇ ಮಾಡು ಅಜ್ಜಿ.”

“ನಾ ಮಾಡೂದು ಹೆಂಗೆ ಮಗಾ, ನಂಗಾಗೂದಿಲ್ಲ.”

“ಎಂತಕೆ? ಕೈ ನೋಯ್ತದಾ?”

“ಅದಲ್ಲ. ಅದೆಲ್ಲ ಮುತ್ತೈದೆಯರು ಮಾಡೂದು.”

“ಕಂಪ್ಯೂಟರಿಗೆ ಅದು ಗೊತ್ತಾಗೂದಿಲ್ಲ. ನಂಗೂ ಗೊತ್ತಾಗೂದು ಬೇಡ. ಮಾಡು ಸುಮ್ನೆ.”

ನನಗೆ ಕಣ್ಣು ಮಂಜಾಯಿತು. ಅದು ಸಂತೋಷವೋ ಹೆದರಿಕೆಯೋ ಆಗ ತಿಳಿಯಲಿಲ್ಲ. ಹೊಲಿಗೆ ಯಂತ್ರಕ್ಕೆ ಹಚ್ಚಿದೆ, ಮಿಕ್ಸರಿಗೆ ಹಚ್ಚಿದೆ, ನಿಮ್ಮ ಅಪ್ಪನ ಬೈಕಿಗೆ ಹಚ್ಚಿದೆ. ಕಡೆಗೆ ಕಂಪ್ಯೂಟರು. ದುಡಿಯುವ ವಸ್ತು, ಒಂಬತ್ತು ಮನೆ ಕಟ್ಟುತ್ತಿರುವ ವಸ್ತು, ಅದಕ್ಕೆ ನಾಲ್ಕು ಕಾಳು ಸಾಲದು ಎನಿಸಿತು. ಮುಷ್ಟಿ ತುಂಬ ಕುಂಕುಮದ ಅಕ್ಷತೆ ತೆಗೆದುಕೊಂಡು ಕಣ್ಣು ಮುಚ್ಚಿ, ಈ ಹುಡುಗಿಯ ಕೆಲಸ ಸುಸೂತ್ರ ಆಗಲಪ್ಪಾ ಎಂದು ಆ ಪೆಟ್ಟಿಗೆಯ ನೆತ್ತಿಯ ಮೇಲೆ ಹಾಕಿದೆ. ನೆತ್ತಿಯಲ್ಲಿ ಜರಡಿಯ ಹಾಗೆ ತೂತುಗಳಿದ್ದವು. ಅವು ಚಂದಕ್ಕೆ ಮಾಡಿದ್ದು ಎಂದು ನಾನು ತಿಳಿದಿದ್ದೆ. ಕಣ್ಣು ತೆರೆದಾಗ ಮೇಲೆ ಒಂದಿಷ್ಟೇ ಅಕ್ಕಿ ಇತ್ತು. ಉಳಿದದ್ದು ನೆಲಕ್ಕೆ ಉದುರಿರಬೇಕು ಎಂದುಕೊಂಡು ಆರತಿ ಎತ್ತಿದೆ.

ಮಾರನೆಯ ದಿನ ಮಧ್ಯಾಹ್ನ ಚಂದನಾ ಕೆಲಸಕ್ಕೆ ಕೂತಳು. ಒಳಗಿಂದ ಕರ್ ಕರ್ ಎಂದು ಒಂದು ಶಬ್ದ ಬಂತು. ಆಮೇಲೆ ನಿಂತಿತು. ಚಾ ಆರುವಷ್ಟು ಹೊತ್ತಿಗೆ ಪರದೆ ಕಪ್ಪಾಯಿತು. ನಾನು ಅಡುಗೆಮನೆಯಲ್ಲಿದ್ದೆ. ಅವಳು ಕರೆಯಲಿಲ್ಲ. ತಿರುಪು ಬಿಚ್ಚುವ ಶಬ್ದ ಕೇಳಿತು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕಡೆಗೆ ಬಾಗಿಲಿಗೆ ಬಂದು, “ಕಾರ್ಡು ಹೋಯ್ತು ಅಜ್ಜಿ” ಎಂದಳು. ಸುಟ್ಟ ವಾಸನೆ ನನಗೂ ಬಂದಿತ್ತು.

“ಎಂತಕೆ ಹೋಯ್ತು?”

“ಹಳೇದಾಗಿತ್ತು.”

ಅಷ್ಟೇ. ಆದರೆ ನಾನು ಹಿಂದಿನ ದಿನ ಮುಷ್ಟಿ ಬಿಚ್ಚಿದ್ದನ್ನು ನೆನೆದೆ, ಜರಡಿಯನ್ನು ನೆನೆದೆ. ಕಣ್ಣಿಗೆ ಕಾಣುವ ಕಾರಣ ಅಕ್ಕಿ. ಅದರ ಹಿಂದೆ ಇನ್ನೊಂದು ಕಾರಣ ಬಂದು ನಿಂತಿತು, ಅದನ್ನು ಬರೆಯಲು ಈಗಲೂ ನಾಚಿಕೆ. ಇಷ್ಟು ವರ್ಷ ಹಿಂದೆ ಸರಿದು ನಿಂತಿದ್ದ ಕೈ ಇದು, ಒಂದು ದಿನ ಮುಂದೆ ಬಂತು, ಬಂದ ದಿನವೇ ಹೀಗಾಯಿತು ಎಂದು ಅನಿಸಿತು. ನೀವು ಓದಿದವರು, ನಗುತ್ತೀರಿ. ನಗಿ. ಆದರೆ ಆ ಸಂಜೆ ತುಳಸಿಗೆ ನೀರು ಹಾಕಲು ಹೋದಾಗ ಬುಡದಲ್ಲಿ ಕೆಂಪು ಅಕ್ಕಿ ಬಿದ್ದಿರುವುದು ಕಂಡು, ನಾನು ಯಾವಾಗ ಇಲ್ಲಿ ಚೆಲ್ಲಿದೆ ಎಂದು ನೆನಪಾಗದೆ, ನನ್ನ ಕೈ ನನ್ನ ಮಾತು ಕೇಳುತ್ತಿಲ್ಲ ಎಂದೇ ಹೆದರಿಬಿಟ್ಟೆ.

ಹೊಸ ಕಾರ್ಡು ಬೇಕಿತ್ತು, ಅದೂ ಬೇಗ. ಶಿರಸಿಯಲ್ಲಿ ವೀರೇಶ ಎಂಬವರ ಅಂಗಡಿ ಇದೆ, ಬನವಾಸಿ ಕಡೆಯವರು. ಅವರ ಹತ್ತಿರ ಎರಡು ಕಾರ್ಡುಗಳಿದ್ದವು. ಒಂದು ಡಬ್ಬಿ ಒಡೆಯದ ಹೊಸದು. ಇನ್ನೊಂದು ಯಾರೋ ಎರಡು ವರ್ಷ ಬಳಸಿದ್ದು, ಆದರೆ ಅದಕ್ಕಿಂತ ದೊಡ್ಡದು. ಫೋನಿನಲ್ಲಿ ಅವರು ಹೇಳುತ್ತ ಹೋದರು, ಚಂದನಾ ನನಗೆ ಹೇಳಿದಳು, ನಾನು ಬರೆದೆ. “ನಿನ್ನ ಅಕ್ಷರ ಚಂದ ಅದೆ, ನೀ ಬರಿ” ಎಂದಿದ್ದಳು. ಬರೆಯುವಾಗ ನನ್ನ ಮನಸ್ಸು ಆ ಅಕ್ಕಿಯ ಮೇಲೇ. ಹಾಳೆಯಲ್ಲಿ ‘ಹನ್ನೆರಡು’ ಎಂಬಲ್ಲಿ ಒತ್ತು ಸೊಟ್ಟಗಿದೆ, ನೋಡಿ.

“ನೆನಪು ಅಂದ್ರೆ ಎಂತದು?” ಎಂದು ಕೇಳಿದೆ.

“ಒಂದೇ ಸಲಕ್ಕೆ ಎಷ್ಟು ಸಾಮಾನು ಕಣ್ಣೆದುರಿಗೆ ಇಟ್ಕೊಂಬೂಕೆ ಆಗ್ತದೆ ಅಂತ. ಎಂಟಕ್ಕಿಂತ ಹನ್ನೆರಡು ಜಾಸ್ತಿ. ಆದರೆ ಹೊಸದ್ರ ಓಟ ಜಾಸ್ತಿ, ಕರೆಂಟು ಕಮ್ಮಿ ತಿಂತದೆ.”

“ಹಾಂಗಾರೆ ಯಾವುದು ಒಳ್ಳೇದು?”

“ಅದೇ ಗೊತ್ತಾಗ್ತಾ ಇಲ್ಲ ಅಜ್ಜಿ.”

ನಿಮ್ಮ ಅಜ್ಜ ಒಮ್ಮೆ ಒಂದು ಎತ್ತು ತರಲು ಹೋಗಿ ಎರಡು ಎತ್ತುಗಳ ನಡುವೆ ಇಡೀ ದಿನ ಕೂತಿದ್ದರಂತೆ. ಒಂದರ ಹಲ್ಲು ಚಂದ, ಸುಳಿ ಚಂದ, ವಯಸ್ಸು ಕಡಿಮೆ. ಇನ್ನೊಂದಕ್ಕೆ ಒಂದು ಕೋಡು ಸೊಟ್ಟ. ಮಾರುವವನು ಹಲ್ಲು ಎಣಿಸಿ ತೋರಿಸಿದ್ದೇ ತೋರಿಸಿದ್ದು. ಇವರು ಕಡೆಗೆ, ಕೆಸರುಗದ್ದೆಯಲ್ಲಿ ಹೂಡಿ ನೋಡದೆ ನಾನು ಹೇಳಲಾರೆ ಎಂದರಂತೆ. ಹೂಡಿದರೆ ಹಲ್ಲಿನ ಎತ್ತು ಗದ್ದೆಯ ನಡುವೆ ಮಲಗಿಬಿಟ್ಟಿತು. ಸೊಟ್ಟ ಕೋಡಿನದು ನಮ್ಮಲ್ಲಿ ಬಹಳ ವರ್ಷ ದುಡಿಯಿತು. ಇದನ್ನು ನಾನು ಹೇಳಿದೆ. ಚಂದನಾ ಫೋನು ತೆಗೆದುಕೊಂಡು, “ಎರಡನ್ನೂ ನಮ್ಮ ಫೈಲು ಹಾಕಿ ಓಡ್ಸಿ ನೋಡೂಕೆ ಕೊಡ್ತೀರಾ?” ಎಂದು ವೀರೇಶರನ್ನು ಕೇಳಿದಳು. ಅವರು ಬರ್ರಿ ಎಂದರು. ಕೆಟ್ಟ ಕಾರ್ಡನ್ನೂ ತರ್ರಿ, ಯಾಕೆ ಹೋಯಿತು ಎಂದು ಬಿಚ್ಚಿ ನೋಡೋಣ ಎಂದರು.

ಆ ಕಡೆಯ ಮಾತು ಕೇಳಿದಾಗ ನನ್ನ ಕೈಯಿಂದ ಪೆನ್ನು ಬಿತ್ತು. ಬಿಚ್ಚಿದರೆ ಒಳಗೆ ಏನಿದೆ ಎಂದು ನನಗೆ ಗೊತ್ತಲ್ಲ.

ಪೆಟ್ಟಿಗೆಯೊಳಗೆ ಎಷ್ಟು ಜಾಗವಿದೆ ಎಂದು ಅಳೆಯಬೇಕಿತ್ತು. ಟೇಪು ನಿಮ್ಮ ಅಪ್ಪನ ಚೀಲದಲ್ಲಿ ಹೋಗಿತ್ತು. ನಾನು ಗೇಣು ಹಾಕಿ ನೋಡಿದೆ. ಒಂದು ಗೇಣು, ಐದು ಬೆರಳು. ಚಂದನಾ ಅದನ್ನು ನೋಡಿ, “ಹಾಂಗಾರೆ ನಾಳೆ ನಿನ್ನ ಕೈ ಬೇಕು. ಕೈಯೊಂದನ್ನೇ ಕಳ್ಸೂಕೆ ಆಗೂದಿಲ್ಲ, ನೀನೂ ಬಾ” ಎಂದಳು.

ನಾನು ಬಾರದಿರಲು ಏನೆಲ್ಲ ನೆವ ಹುಡುಕಿದೆ. ಮಂಡಿ ನೋವು ಎಂದೆ, ಸೊಪ್ಪು ಕೊಯ್ಯಬೇಕು ಎಂದೆ. ಯಾವುದೂ ನಡೆಯಲಿಲ್ಲ.

ಬಸ್ಸಿನಲ್ಲಿ ಸತ್ತ ಕಾರ್ಡು ನನ್ನ ಬಟ್ಟೆಚೀಲದಲ್ಲಿ, ನನ್ನ ತೊಡೆಯ ಮೇಲೆ. ತಿರುವು ಬಂದಾಗಲೆಲ್ಲ ಒಳಗಿಂದ ಕಿಟಕ್ ಎಂದು ಸಣ್ಣ ಶಬ್ದ. ಎಡಕ್ಕೆ ತಿರುಗಿದರೆ ಒಮ್ಮೆ, ಬಲಕ್ಕೆ ತಿರುಗಿದರೆ ಒಮ್ಮೆ. ಸಿದ್ದಾಪುರದಿಂದ ಶಿರಸಿಗೆ ಎಷ್ಟು ತಿರುವು ಇವೆ ಎಂದು ಅಷ್ಟು ವರ್ಷ ಓಡಾಡಿದರೂ ನನಗೆ ಗೊತ್ತಿರಲಿಲ್ಲ. ಚೀಲವನ್ನು ಮಗುವಿನ ಹಾಗೆ ಅವುಚಿ ಹಿಡಿದೆ.

“ಎಂತ ಅಜ್ಜಿ, ಅದೇನು ಮೊಟ್ಟೆಯಾ?” ಎಂದಳು ಚಂದನಾ.

“ಕೆಟ್ಟದ್ದಾದ್ರೂ ವಸ್ತು ಅಲ್ದಾ” ಎಂದೆ. ಕಿಟಕ್ ಎಂದಿತು. ಅವಳು ಕಿಟಕಿಯ ಕಡೆ ಮುಖ ಮಾಡಿದಳು.

ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಅವಳು ನೀರಿನ ಬಾಟಲಿ ತರಲು ಹೋದಾಗ ನಾನು ಕಂಬದ ಹಿಂದೆ ಸರಿದು ಕಾರ್ಡನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದೆ. ಅಂಗೈಗೆ ನಾಲ್ಕು ಕೆಂಪು ಕಾಳು ಬಿದ್ದವು. ಇನ್ನೊಮ್ಮೆ ಅಲ್ಲಾಡಿಸಿದೆ. ಕಿಟಕ್ ಎಂದಿತು, ಬೀಳಲಿಲ್ಲ. ಒಂದು ಒಳಗೇ ಉಳಿದಿದೆ. ಬೆರಳು ಹಾಕಿದರೆ ಫ್ಯಾನಿನ ಎಲೆ ಅಡ್ಡ. ತಲೆಯಿಂದ ಹೇರ್‌ಪಿನ್ನು ತೆಗೆದು ಚುಚ್ಚುತ್ತಿದ್ದೆ, ಅಷ್ಟರಲ್ಲಿ ಅವಳು ಬರುವುದು ಕಂಡಿತು. ನಾಲ್ಕು ಕಾಳನ್ನು ಸೆರಗಿನ ಚುಂಗಿಗೆ ಗಂಟು ಹಾಕಿದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು ನನ್ನನ್ನು ಒಂಥರಾ ನೋಡಿದಳು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ನೋಡುತ್ತಿದ್ದೆ.

ಅಂಗಡಿಯಲ್ಲಿ ವೀರೇಶರು ಎದ್ದು ನಿಂತು, “ಬರ್ರಿ ಅಮ್ಮಾರ, ಕುಂದರ್ರಿ, ಫ್ಯಾನ್ ಕೆಳಗ ಕುಂದರ್ರಿ” ಎಂದರು. ಎರಡು ಕಾರ್ಡುಗಳನ್ನೂ ಎರಡು ಕಂಪ್ಯೂಟರಿಗೆ ಹಾಕಿ ಇಟ್ಟಿದ್ದರು. ಚಂದನಾ ಮೊದಲು ಒಂದೇ ಕೋಣೆಯ ಚಿತ್ರ ಹಾಕಿದಳು. ನನಗೆ ಗೋಡೆಯ ಗಡಿಯಾರ ನೋಡುವ ಕೆಲಸ. ಹೊಸದು ನಾಲ್ಕು ನಿಮಿಷದಲ್ಲಿ ಮುಗಿಸಿ ತಣ್ಣಗೆ ಕೂತಿತು. ಹಳೆಯದು ಐದು ನಿಮಿಷ ದಾಟಿಸಿತು, ಮೂರೂ ಫ್ಯಾನು ತಿರುಗಿಸಿ ಏದುಸಿರು ಬಿಟ್ಟಿತು.

“ನೋಡ್ರಿ, ಓಟದಾಗ ಹೊಸದು ಮುಂದ ಐತಿ. ಮೂರು ವರ್ಷ ಗ್ಯಾರಂಟಿ ಕಾಗದ ಬರ್ತೈತಿ. ಹಳೇದಕ್ಕ ನನ್ನ ಮಾತಷ್ಟ, ಆರು ತಿಂಗಳು” ಎಂದರು.

ಆಮೇಲೆ ಅವಳು ಒಂಬತ್ತೂ ಮನೆಗಳನ್ನು ಒಟ್ಟಿಗೆ ಹಾಕಿದಳು. ಹೊಸದು ಚಿತ್ರ ಬರೆಯತೊಡಗಿತು. ಎರಡು ನಿಮಿಷ, ಮೂರು ನಿಮಿಷ. ಇದ್ದಕ್ಕಿದ್ದಂತೆ ನಿಂತು ಏನೋ ಇಂಗ್ಲಿಷಿನ ಸಾಲು ತೋರಿಸಿತು. “ನೆನಪು ಸಾಲ್ಲಿಲ್ಲ” ಎಂದಳು ಚಂದನಾ. ಕೆಸರುಗದ್ದೆಯ ನಡುವೆ ಮಲಗಿದ ಎತ್ತು ನನಗೆ ಕಣ್ಣಿಗೆ ಕಟ್ಟಿತು. ಹಳೆಯದಕ್ಕೆ ಅದನ್ನೇ ಕೊಟ್ಟಳು. ಅದು ಗುಂಯ್ ಎನ್ನುತ್ತ ಒಂದೊಂದೇ ಚೌಕ ಬರೆಯುತ್ತ ಹೊರಟಿತು. ಮುಗಿಯಲು ಕಾಲು ಗಂಟೆಯ ಮೇಲೇ ಬೇಕು ಎಂದರು. ಅವಳು ಆ ಪರದೆಯ ಮುಂದೆ ನಮಗೆ ಬೆನ್ನು ಮಾಡಿ ಕೂತಳು.

“ಅಲ್ಲಿ ಮಟ ನಿಮ್ಮ ಕೆಟ್ಟ ಕಾರ್ಡ್ ಬಿಚ್ಚೋಣು” ಎಂದು ವೀರೇಶರು ನನ್ನ ಚೀಲಕ್ಕೆ ಕೈ ಚಾಚಿದರು.

ನನಗೆ ನಾಲ್ಕನೇ ಇಯತ್ತೆ ನೆನಪಾಯಿತು. ಮಾಸ್ತರರು ನನ್ನ ಹಲಗೆಯನ್ನೂ ಪಕ್ಕದವಳ ಹಲಗೆಯನ್ನೂ ಎತ್ತಿ ಹಿಡಿದು, ಎರಡರಲ್ಲಿ ಯಾವುದು ಸರಿ ಎಂದು ಇಡೀ ಶಾಲೆಗೆ ಕೇಳಿದ್ದರು. ನನ್ನದೇ ಸರಿಯಿತ್ತು. ಆದರೆ ಅವರು ಹೇಳುವವರೆಗೆ ನಾನು ಉಸಿರು ಬಿಟ್ಟಿರಲಿಲ್ಲ. ಅಂದಿನಿಂದ ಯಾರಾದರೂ ಎರಡು ವಸ್ತು ಎತ್ತಿ ಹೋಲಿಸಿದರೆ ನನಗೆ ನನ್ನನ್ನೇ ಎತ್ತಿ ಹಿಡಿದ ಹಾಗಾಗುತ್ತದೆ. ಏಳನೆಯವರೆಗೆ ಓದಿದರೂ ಶಾಲೆಯಲ್ಲಿ ನಾನಾಗಿ ಒಂದು ಪ್ರಶ್ನೆ ಕೇಳಿದವಳಲ್ಲ. ಆ ದಿನ ಅಂಗಡಿಯಲ್ಲಿ ಮಾತ್ರ ಎಲ್ಲಿಂದ ಬಂತೋ, ನನ್ನ ಬಾಯಿ ತೆರೆದುಕೊಂಡಿತು.

“ಅಲ್ಲ, ಇದು ಹೊಸದು ಹಳೇದು ಎರಡ್ರಲ್ಲಿ, ಒಳಗೆ ಎಂತಾದ್ರೂ ಬಿದ್ರೆ, ಯಾವುದು ತಡ್ಕಂತದೆ?”

ವೀರೇಶರು ತಿರುಪು ಬಿಚ್ಚುವುದನ್ನು ನಿಲ್ಲಿಸಿದರು. ಆ ಕಡೆ ಕೀಲಿಮಣೆಯ ಮೇಲೆ ಚಂದನಾಳ ಬೆರಳೂ ನಿಂತವು.

“ಎರಡೂ ತಡಕೊಳ್ಳಂಗಿಲ್ರಿ ಅಮ್ಮಾರ. ಬೀಳದಂಗ ನಾವ ನೋಡ್ಕೋಬೇಕು” ಎಂದು ಅವರು ಮುಚ್ಚಳ ಎತ್ತಿದರು. ಗಾಜಿನ ಮೇಜಿನ ಮೇಲೆ ಕಿಟಕ್ ಎಂದು ಒಂದು ಕೆಂಪು ಕಾಳು ಬಿತ್ತು.

ಅವರು ಅದನ್ನು ನೋಡಿದರು. ನನ್ನ ಮುಖ ನೋಡಿದರು. ನಾನು ನನ್ನ ಚಪ್ಪಲಿ ನೋಡಿದೆ. ಈಗ ಹೇಳುತ್ತಾರೆ, ಈಗ ಅವಳು ಬೆನ್ನು ತಿರುಗಿಸುತ್ತಾಳೆ ಎಂದು ಕಾದೆ. ಅವರು ಕಾಳನ್ನು ಬೆರಳ ತುದಿಗೆ ಅಂಟಿಸಿಕೊಂಡು ನನ್ನ ಕಡೆಗೆ ಚಾಚಿ, ಸಣ್ಣ ದನಿಯಲ್ಲಿ, “ನಮ್ಮ ಮನ್ಯಾಗೂ ಹಾಕ್ತಾರ್ರಿ. ನಾ ಮೊದಲ ಒಂದು ಟಾವೆಲ್ ಹೊಚ್ಚಿರ್ತೀನಿ” ಎಂದರು. ನಾನು ಅದನ್ನು ತೆಗೆದುಕೊಂಡು ಮುಷ್ಟಿ ಮುಚ್ಚಿದೆ. ಆಮೇಲೆ ಅವರು ಗಟ್ಟಿಯಾಗಿ, “ತಂಗೀ, ಫ್ಯಾನ್ ಹಿಡಕೊಂಡು ಬಿಸಿ ಆಗಿ ಹೋಗೇತ್ರಿ. ಒಳಗ ಬಿಸಿ ಎಳಕೊಳ್ಳೋ ಪೇಸ್ಟೂ ಒಣಗೇತಿ, ಭಾಳ ದಿನ ಬರೂದಿರಲಿಲ್ಲ ಇದು” ಎಂದರು.

“ಹೌದನಾ” ಎಂದಳು ಅವಳು. ತಿರುಗಲಿಲ್ಲ.

ಭಾಳ ದಿನ ಬರುವುದಿರಲಿಲ್ಲ ಎಂದದ್ದು ನಿಜವೋ, ನನ್ನ ಮುಖ ನೋಡಿ ಹೇಳಿದ್ದೋ ನನಗೆ ಈವರೆಗೆ ಗೊತ್ತಿಲ್ಲ. ದೀಪಾವಳಿ ದಾಟುವವರೆಗಾದರೂ ಬರುತ್ತಿತ್ತೇನೋ ಎಂದು ಆ ಕ್ಷಣವೇ ಮನಸ್ಸು ಲೆಕ್ಕ ಹಾಕತೊಡಗಿತ್ತು.

ಹಳೆಯ ಕಾರ್ಡು ಒಂಬತ್ತೂ ಮನೆ ಮುಗಿಸಿತು. ಬಾವಿಯ ಕಟ್ಟೆಯ ಮೇಲೆ ಇಟ್ಟ ಕೊಡವೂ ಕಾಣುತ್ತಿತ್ತು. ಚಂದನಾ ಕುರ್ಚಿ ತಿರುಗಿಸಿ, “ನೀ ಹೇಳು ಅಜ್ಜಿ, ಯಾವುದು ತಗಳ್ಳಿ?” ಎಂದಳು.

“ನಂಗೆ ಎಂತ ಗೊತ್ತದೆ. ನನ್ನ ಕೇಳ್ಬೇಡ.”

“ಹಾಂಗಾರೆ ಅಳಿ. ಅದಕ್ಕೇ ಅಲ್ದಾ ಕರ್ಕಂಡು ಬಂದಿದ್ದು.”

ಮುಟ್ಟಲು ಹೆದರಿಕೆ. ಸೆರಗಿಗೆ ಕೈ ಒರೆಸಿಕೊಂಡೆ. ಹೊಸದು ಒಂದು ಗೇಣು ಒಂದು ಬೆರಳು, ಆರಾಮಾಗಿ ಹಿಡಿಯುತ್ತದೆ. ಹಳೆಯದಕ್ಕೆ ಗೇಣು ಹಾಕಿದೆ, ಮೇಲೆ ಬೆರಳಿಟ್ಟೆ. ನಾಲ್ಕು. ನಂಬಿಕೆ ಬಾರದೆ ಮೂರು ಸಲ ಅಳೆದೆ. ಮನೆಯ ಪೆಟ್ಟಿಗೆಯಲ್ಲಿ ಐದು ಬೆರಳಿನ ಜಾಗ. ಒಂದು ಬೆರಳು ಉಳಿಯುತ್ತದೆ. ಹಾಳೆಯಲ್ಲಿ ಖಾಲಿ ಬಿಟ್ಟಿದ್ದ ಉದ್ದದ ಜಾಗದಲ್ಲಿ ಎರಡರದ್ದೂ ಬರೆದೆ.

“ಹಿಡೀತದೆ” ಎಂದೆ.

“ಹಾಂಗಾರೆ ಇದೇ” ಎಂದಳು. ವೀರೇಶರು ಟೇಪು ತೆಗೆದು ಅಳೆಯಲು ಹೋದರೆ, “ಬೇಡ ಬಿಡಿ, ಅಜ್ಜಿ ಅಳೆದಾಯ್ತು” ಎಂದಳು. ಆ ಮಾತು ಕೇಳಿ ನನಗೆ ಹಿಗ್ಗಬೇಕಿತ್ತು. ಆದರೆ ಗ್ಯಾರಂಟಿ ಇಲ್ಲದ, ಎರಡು ವರ್ಷ ದುಡಿದ ಕಾರ್ಡನ್ನು ನನ್ನ ಗೇಣಿನ ಮೇಲೆ ನಂಬಿಕೆಯಿಟ್ಟು ಕೊಳ್ಳುತ್ತಿದ್ದಾಳಲ್ಲ ಎಂದು ಬಸ್ಸು ಹತ್ತುವವರೆಗೂ ಬೆರಳು ಮಡಿಸಿ ಮಡಿಸಿ ಮತ್ತೆ ಎಣಿಸುತ್ತಿದ್ದೆ.

ಮನೆಗೆ ಬಂದು ಕೂರಿಸಿದಳು. ಹಿಡಿಯಿತು. ಅಲ್ಲಿಂದ ದೀಪಾವಳಿಯವರೆಗೆ ನನ್ನ ಕಿವಿ ಆ ಮೂರು ಫ್ಯಾನುಗಳ ಮೇಲೇ. ಒಗ್ಗರಣೆ ಸಿಡಿದರೆ ಒಲೆ ಸಣ್ಣ ಮಾಡಿ ಆ ಕೋಣೆಯ ಶಬ್ದ ಕೇಳುತ್ತಿದ್ದೆ. ಗುಂಯ್ ಎಂದರೆ ಬಿಸಿಯಾಯಿತೇನೋ ಎಂದು ಹೆದರಿಕೆ, ಸುಮ್ಮನಾದರೆ ನಿಂತೇಹೋಯಿತೇನೋ ಎಂದು ಹೆದರಿಕೆ. ಆ ಕೋಣೆಗೆ ಅಕ್ಕಿಯ ಮೊರ ಹಿಡಿದು ಕಾಲಿಡುತ್ತಿರಲಿಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ‘ಚಾ ಮಾಡ್ಲಾ?’

ಕಾರ್ಡು ಕೈ ಕೊಡಲಿಲ್ಲ. ಆದರೆ ನಡುವೆ ಹೋದ ದಿನಗಳು ಹೋದವು. ಕೆಲಸ ಮುಗಿದದ್ದು ದೀಪಾವಳಿ ಕಳೆದ ಎರಡನೇ ದಿನ. ಯಲ್ಲಾಪುರದವರು ನೋಡಿದರು, ಚೆನ್ನಾಗಿದೆ ಎಂದರು, ಒಂಬತ್ತರಲ್ಲಿ ಆರು ಮನೆಯ ಚಿತ್ರ ಇವಳದ್ದನ್ನೇ ಇಟ್ಟುಕೊಂಡರು. ಮೂರು ಮನೆಯದ್ದನ್ನು, ತಡವಾಯಿತೆಂದು ಅಷ್ಟರಲ್ಲಿ ಹುಬ್ಬಳ್ಳಿಗೆ ಕೊಟ್ಟಾಗಿತ್ತು. ಅವಳು ಫೋನು ಇಟ್ಟು, “ಆರು ಸಿಕ್ತು ಅಜ್ಜಿ” ಎಂದಳು. ಹೋದ ಮೂರರ ಮಾತು ನನ್ನೆದುರು ಆಡಲಿಲ್ಲ. ನಿಮ್ಮ ಅಪ್ಪನಿಗೆ ಹೇಳುವಾ‌ಗ ಗೋಡೆಯ ಈಚೆಯಿಂದ ಕೇಳಿಸಿಕೊಂಡೆ. ಆ ಮೂರು ಮನೆಗಳ ಜಗುಲಿ, ಕಿಟಕಿ, ಮಾಡು ಎಲ್ಲ ನನಗೆ ಪರದೆಯ ಮೇಲೆ ನೋಡಿ ಗುರುತಿತ್ತು. ಅಂದಿನಿಂದ ಯಲ್ಲಾಪುರ ಎಂಬ ಬೋರ್ಡಿನ ಬಸ್ಸು ಕಂಡರೂ ನಾನು ಬೇರೆ ಕಡೆ ನೋಡುತ್ತಿದ್ದೆ.

ಈಗ ಮೊನ್ನೆಯ ಮಾತು.

ಈ ವರ್ಷದ ಆಯುಧ ಪೂಜೆಗೆ ಸುಜಾತಾ ಮನೆಯಲ್ಲಿದ್ದಳು. ನಾನು ಹೂ ಕಟ್ಟಿಕೊಟ್ಟು, ನನ್ನ ಹಳೆಯ ಜಾಗದಲ್ಲಿ, ಬಾಗಿಲ ಹಿಂದೆ ನಿಂತೆ. ಹೊಲಿಗೆ ಯಂತ್ರ ಆಯಿತು, ಮಿಕ್ಸರು ಆಯಿತು, ಬೈಕು ಆಯಿತು. ಸುಜಾತಾ ಹರಿವಾಣ ಹಿಡಿದು ಮುಂದಿನ ಕೋಣೆಗೆ ಹೋಗುವಾಗ ಚಂದನಾ ಅಡ್ಡ ನಿಂತಳು.

“ಅಮ್ಮಾ, ಇದು ಅಜ್ಜಿದು.”

ಸುಜಾತಾ ಹರಿವಾಣವನ್ನು ನನ್ನ ಕೈಗೆ ಕೊಟ್ಟಳು. ನಾನು ಕಂಪ್ಯೂಟರಿನ ಮುಂದೆ ಹೋಗಿ ನೋಡಿದರೆ, ಪೆಟ್ಟಿಗೆಯ ನೆತ್ತಿಯ ಜರಡಿಯ ಮೇಲೆ ದೋಸೆಹಿಟ್ಟಿನ ಪಾತ್ರೆಯ ಸ್ಟೀಲಿನ ಮುಚ್ಚಳ. ತೊಳೆದು ಒರೆಸಿ, ಅಂಚು ಮೇಲಾಗಿ ಇಟ್ಟಿದ್ದಾಳೆ.

“ಹಾಕು ಅಜ್ಜಿ. ಎಷ್ಟು ಬೇಕಾದ್ರೂ ಹಾಕು.”

ನಾನು ಹಾಕಿದೆ. ಮುಚ್ಚಳದ ಮೇಲೆ ಕಾಳು ಬಿದ್ದು ಟಣ್ ಟಣ್ ಎಂದಿತು. ಒಂದೂ ಒಳಗೆ ಹೋಗಲಿಲ್ಲ. ಆಮೇಲೆ ನೀನು ಆ ಮುಚ್ಚಳವನ್ನು ಜೋಪಾನವಾಗಿ ಎತ್ತಿಕೊಂಡು ಅಂಗಳಕ್ಕೆ ಹೋದೆ, ಚಂದನಾ. ನಾನು ಕಿಟಕಿಯಿಂದ ನೋಡಿದೆ. ಪೂಜೆಯ ಅಕ್ಕಿಯನ್ನು ಗುಡಿಸಿ ಕಸಕ್ಕೆ ಹಾಕಬಾರದೆಂದು ನಾನೇ ನಿನಗೆ ಚಿಕ್ಕಂದಿನಲ್ಲಿ ಕಲಿಸಿದ್ದು. ನೀನು ಅದನ್ನು ತುಳಸಿಯ ಬುಡಕ್ಕೆ ಸುರಿದೆ.

ಆಗ ನಾನು ಕಿಟಕಿಯ ಹತ್ತಿರವೇ ಕೂತು ಲೆಕ್ಕ ಹಾಕಿದೆ. ಹೋದ ವರ್ಷ ನಾನು ಹಾಕಿದ್ದು ಒಂದು ಹಿಡಿ. ಕಾರ್ಡಿನೊಳಗೆ ಇದ್ದದ್ದು ಐದು ಕಾಳು. ಉಳಿದ ಹಿಡಿ ಎಲ್ಲಿ ಹೋಯಿತು ಎಂದು ಒಂದು ವರ್ಷ ನಾನು ಯೋಚಿಸಲೇ ಇಲ್ಲ. ಹೆದರಿದವರಿಗೆ ಲೆಕ್ಕ ಬರುವುದಿಲ್ಲ. ಅವತ್ತು ಪರದೆ ಕಪ್ಪಾದ ಮೇಲೆ ನೀನು ತಿರುಪು ಬಿಚ್ಚಿ ಬಹಳ ಹೊತ್ತು ಸುಮ್ಮನಿದ್ದೆಯಲ್ಲ, ಆಗ ಒಂದೊಂದೇ ಕಾಳು ಹೆಕ್ಕುತ್ತಿದ್ದೆ. ಬುಡದಲ್ಲಿ ನಾನು ಕಂಡ ಕೆಂಪು ಅಕ್ಕಿ ನನ್ನ ಕೈಯಿಂದ ಚೆಲ್ಲಿದ್ದಲ್ಲ. ಬಸ್ಸಿನಲ್ಲಿ ಕಿಟಕ್ ಎಂದಾಗ ನೀನು ಕಿಟಕಿಯ ಕಡೆ ತಿರುಗಿದ್ದು, ಅಂಗಡಿಯಲ್ಲಿ ಬೆನ್ನು ತಿರುಗಿಸದೆ ಕೂತದ್ದು, ಎಲ್ಲ ಈಗ ಒಂದೊಂದಾಗಿ ಬರುತ್ತಿವೆ. ಪೆಟ್ಟಿಗೆಯ ಅಳತೆಗೆ ಒಂದು ದಾರ ಕತ್ತರಿಸಿಕೊಂಡು ಹೋಗಿದ್ದರೆ ಸಾಕಿತ್ತು, ನನ್ನ ಕೈಯನ್ನು ಶಿರಸಿಯವರೆಗೆ ಕರೆದುಕೊಂಡು ಹೋಗುವ ಅಗತ್ಯವೇ ಇರಲಿಲ್ಲ. ಅದು ನಿನಗೆ ಹೊಳೆಯದ್ದೇನಲ್ಲ.

ಆದರೂ ನನ್ನ ಹೆದರಿಕೆ ಪೂರಾ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಹೋದ ಮೂರು ಮನೆ ಹೋದವೇ. ಇದನ್ನು ಬರೆಯುವಾಗಲೂ ಆ ಕೋಣೆಯಲ್ಲಿ ಮೂರು ಫ್ಯಾನು ಗುಂಯ್ ಎನ್ನುತ್ತಿವೆ, ನಾನು ಸಾಲಿನ ನಡುವೆ ನಿಲ್ಲಿಸಿ ಕೇಳಿಸಿಕೊಂಡು ಮುಂದೆ ಬರೆಯುತ್ತಿದ್ದೇನೆ. ಆದರೆ ಮುಂದಿನ ವರ್ಷ ಹರಿವಾಣ ಬಂದರೆ ಬಾಗಿಲ ಹಿಂದೆ ನಿಲ್ಲುವುದಿಲ್ಲ ಎಂದು ಮಾಡಿದ್ದೇನೆ.

ಸತ್ತ ಕಾರ್ಡನ್ನು ಚಂದನಾ ಎಸೆದಿಲ್ಲ. ಅದರ ಡಬ್ಬಿ ಅಟ್ಟದ ಮೇಲೆ ಹಪ್ಪಳದ ಡಬ್ಬದ ಪಕ್ಕದಲ್ಲಿದೆ, ನಾನು ನೋಡಿದ್ದೇನೆ. ಎರಡು ಕಾರ್ಡುಗಳ ಲೆಕ್ಕದ ಹಾಳೆಯನ್ನೂ, ಈ ಹಾಳೆಗಳನ್ನೂ ಅದರೊಳಗೆ ಇಡಿ. ಒದ್ದೆಯಾಗದ ಹಾಗೆ, ಇಲಿ ಮುಟ್ಟದ ಹಾಗೆ ಜೋಪಾನವಾಗಿಡಿ. ನಾನು ಬರೆದದ್ದು ಎಂದು ಬೇರೆ ಏನೂ ಇಲ್ಲ. ಇವುಗಳ ಜೊತೆ ಒಂದು ಸಣ್ಣ ಪೊಟ್ಟಣ ಕಟ್ಟಿಟ್ಟಿದ್ದೇನೆ, ಅದರಲ್ಲಿ ಐದು ಕಾಳು ಇವೆ. ಬಿಚ್ಚಬೇಕೆನಿಸಿದರೆ ಬಿಚ್ಚಿ. ಕಂಪ್ಯೂಟರಿನಿಂದ ಸ್ವಲ್ಪ ದೂರ ಕೂತು ಬಿಚ್ಚಿ.